ನಟಶ್ರೇಷ್ಠ ಆರ್. ನಾಗೇಂದ್ರರಾಯರು

ಇಂದು ಚೆನ್ನೈ ಎನಿಸಿಕೊಂಡಿರುವ ನಮ್ಮ ಈ ನಗರವು ಮದರಾಸು ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದ ಕಾಲದಲ್ಲಿ ಕನ್ನಡ ಚಲಚ್ಚಿತ್ರಗಳಿಗೂ ಆಶ್ರಯಸ್ಥಾನವಾಗಿತ್ತು. ಕನ್ನಡನಾಡಿನಲ್ಲಿ ಸುಸಜ್ಜಿತ ಸ್ಟುಡಿಯೋಗಳು ವಿರಳವಾಗಿದ್ದ ಆ ದಿನಗಳಲ್ಲಿ ನಮ್ಮ ಕಲಾವಿದರು ಇಲ್ಲಿಗೆ ಬಂದು ಶ್ರಮಿಸಿದರು. ಅವರಲ್ಲಿ ಅಗ್ರಪಂಕ್ತಿಗೆ ಸೇರಿದವರು ಆರ್. ನಾಗೇಂದ್ರರಾಯರು.

ರಾಯರು 1896ರಲ್ಲಿ ಚಿತ್ರದುರ್ಗ ಸೀಮೆಯ ಹೊಳಲ್ಕೆರೆಯಲ್ಲಿ ಜನಿಸಿದರು. ಎಳವೆಯಲ್ಲಿಯೇ ಬಣ್ಣ ಹಚ್ಚಿ ವೃತ್ತಿರಂಗಭೂಮಿಯನ್ನು ಪ್ರವೇಶಿಸಿದರು. ಧ್ವನಿವರ್ಧಕಗಳಿಲ್ಲದ ಕಾಲವದು, ನಟನ ಕಂಠವು ಕಟ್ಟಕಡೆಯ ಸಾಲಿನ ಪ್ರೇಕ್ಷಕನಿಗೂ ಕೇಳಬೇಕಿತ್ತು. ಸ್ಫುಟವಾದ ಉಚ್ಚಾರಣೆ, ಸಂಗೀತಜ್ಞಾನ, ನೆನಪಿನ ಶಕ್ತಿ ಇವೇ ನಟನ ಬಂಡವಾಳ. ಈ ಕಠಿಣವಾದ ಗರಡಿಯಲ್ಲಿ ಪಳಗಿದ ರಾಯರು ಮುಂದೆ ಎಂ. ವಿ. ಸುಬ್ಬಯ್ಯನಾಯ್ಡು ಅವರೊಡನೆ ಕೂಡಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡೆಸಿದರು.

ಅಷ್ಟರಲ್ಲಿ ಮಾತನಾಡುವ ಚಿತ್ರಗಳ ಯುಗವು ಆರಂಭವಾಯಿತು. ಇದು ನಾಟಕ ಮಂಡಳಿಗಳಿಗೆ ಕುತ್ತು ತರಬಲ್ಲ ಹೊಸ ಶಕ್ತಿಯಾಗಿತ್ತು. ರಾಯರಾದರೋ ಅದಕ್ಕೆ ಬೆನ್ನು ತಿರುಗಿಸಲಿಲ್ಲ. ಚಮನ್‌ಲಾಲ್ ಡುಂಗಾಜಿಯವರು ಕನ್ನಡದಲ್ಲಿ ವಾಕ್ಚಿತ್ರವನ್ನು ತಯಾರಿಸಲು ಮುಂದಾದಾಗ ರಾಯರು ಆ ಸಾಹಸಕ್ಕೆ ಹೆಗಲು ಕೊಟ್ಟರು. ಹೀಗೆ ಸಿದ್ಧವಾದುದೇ ‘ಸತಿ ಸುಲೋಚನಾ’. ವೈ. ವಿ. ರಾಯರು ನಿರ್ದೇಶಕರು, ಸಾಹಿತ್ಯ ಬೆಳ್ಳಾವೆ ನರಹರಿಶಾಸ್ತ್ರಿಗಳದು. ಇಂದ್ರಜಿತನಾಗಿ ಸುಬ್ಬಯ್ಯನಾಯ್ಡು ಅವರೂ ಸುಲೋಚನೆಯಾಗಿ ತ್ರಿಪುರಾಂಬಾ ಅವರೂ ರಾವಣನಾಗಿ ನಾಗೇಂದ್ರರಾಯರೂ ಅಭಿನಯಿಸಿದರು. ಚಿತ್ರೀಕರಣಕ್ಕಾಗಿ ಕಲಾವಿದರ ತಂಡವು ದೂರದ ಕೊಲ್ಹಾಪುರಕ್ಕೆ ಪಯಣಿಸಬೇಕಾಯಿತು. 1934ರ ಮಾರ್ಚಿ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬೆಳ್ಳಿತೆರೆಯು ಮೊದಲಬಾರಿಗೆ ಕನ್ನಡ ನುಡಿಯಿತು. ಆ ಚಿತ್ರದ ಪ್ರತಿಯೊಂದೂ ಇಂದು ಉಳಿದಿಲ್ಲವೆಂಬುದು ಕನ್ನಡಿಗರೆಲ್ಲರ ದುರ್ದೈವ.

ಅನಂತರ ರಾಯರ ಕಾರ್ಯಕ್ಷೇತ್ರವು ತಮಿಳುನಾಡಿನತ್ತ ಹರಡಿತು. ಎ. ವಿ. ಮೇಯಪ್ಪ ಚೆಟ್ಟಿಯಾರರ ನಿರ್ಮಾಣದಲ್ಲಿ 1941ರಲ್ಲಿ ತೆರೆಕಂಡ ‘ವಸಂತಸೇನಾ’ ಚಿತ್ರದಲ್ಲಿ ಅವರು ಶಕಾರನಾದರು. ಹಿಂದೆ ರಾವಣನ ಗಾಂಭೀರ್ಯವನ್ನು ತಾಳಿದ್ದವರು ಇಲ್ಲಿ ಮೂರ್ಖನೂ ಕ್ರೂರನೂ ಆದ ರಾಜಶ್ಯಾಲಕನ ವೇಷವನ್ನು ತೊಟ್ಟರು. 1943ರ ‘ಸತ್ಯ ಹರಿಶ್ಚಂದ್ರ’ವನ್ನು ತಾವೇ ನಿರ್ದೇಶಿಸಿದರು. ಮರುವರ್ಷ ಚೆಟ್ಟಿಯಾರರು ಆ ಚಿತ್ರಕ್ಕೆ ತಮಿಳು ಮಾತುಗಳನ್ನು ಜೋಡಿಸಿ ತಮಿಳುನಾಡಿನಲ್ಲಿ ಪ್ರದರ್ಶಿಸಿದರು. ನಟರ ತುಟಿಗಳ ಚಲನೆಗೆ ಹೊಂದುವಂತೆ ಬೇರೊಂದು ಭಾಷೆಯ ಮಾತನ್ನು ಕೂಡಿಸುವ ಈ ಪದ್ಧತಿಯು ಭಾರತದಲ್ಲಿ ಮೊದಲಿಗೆ ಸಫಲವಾದುದು ಈ ಕನ್ನಡ ಚಿತ್ರದಿಂದಲೇ. ಎರಡು ಭಾಷೆಗಳ ನಡುವೆ ಬೆಳೆಯುತ್ತಿರುವ ನಮಗೆ ಇದು ಅಭಿಮಾನದ ಸಂಗತಿ.

ಮುಂದೆ ರಾಯರು ಸ್ವಂತ ನಿರ್ಮಾಣಕ್ಕೆ ಕೈಯಿಕ್ಕಿದರು. 1953ರಲ್ಲಿ ‘ಜಾತಕಫಲ’ ಬಂದಿತು. 1957ರ ‘ಪ್ರೇಮದ ಪುತ್ರಿ’ಗೆ ರಾಷ್ಟ್ರಪತಿಗಳ ಬೆಳ್ಳಿಯ ಪದಕವು ಲಭಿಸಿತು.

ರಾಯರ ವಿದ್ಯೆಯು ಅವರೊಂದಿಗೇ ಮುಗಿಯಲಿಲ್ಲ. ಅವರ ಮನೆಯೇ ಒಂದು ಕಲಾಶಾಲೆಯಂತಿತ್ತು. ಪುತ್ರರಲ್ಲಿ ಆರ್. ಎನ್. ಕೆ. ಪ್ರಸಾದರು ಛಾಯಾಗ್ರಾಹಕರಾದರು. ಆರ್. ಎನ್. ಜಯಗೋಪಾಲರು ‘ಪ್ರೇಮದ ಪುತ್ರಿ’ಯಿಂದ ಗೀತರಚನೆಯನ್ನಾರಂಭಿಸಿ ಸಾವಿರಕ್ಕೂ ಮಿಕ್ಕ ಹಾಡುಗಳನ್ನು ಬರೆದರು. ಆರ್. ಎನ್. ಸುದರ್ಶನರು 1961ರಲ್ಲಿ ತಂದೆಯ ನಿರ್ದೇಶನದ ‘ವಿಜಯನಗರದ ವೀರಪುತ್ರ’ದಲ್ಲಿ ನಾಯಕರಾಗಿ ತೆರೆಗೆ ಬಂದರು. ಒಬ್ಬರಿಗೆ ಕ್ಯಾಮೆರಾ, ಒಬ್ಬರಿಗೆ ಲೇಖನಿ, ಮತ್ತೊಬ್ಬರಿಗೆ ಅಭಿನಯ: ಹೀಗೆ ತಂದೆಯ ಕಲೆಯು ಮೂರು ಕವಲಾಗಿ ಹರಿಯಿತು.

ಎಪ್ಪತ್ತು ದಾಟಿದ ಬಳಿಕವೂ ರಾಯರು ವಿಶ್ರಾಂತಿಯನ್ನು ಬಯಸದೆ 1969ರಲ್ಲಿ ‘ನಮ್ಮ ಮಕ್ಕಳು’ ಚಿತ್ರವನ್ನು ನಿರ್ದೇಶಿಸಿದರು. 1976ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಮರುವರ್ಷ, 1977ರಲ್ಲಿ, ಅವರು ಕಾಲವಶರಾದರು.

ಹೊಸದು ಬಂದಾಗ ಹಳೆಯದನ್ನು ಹಳಿಯುವವರುಂಟು. ಹಳೆಯದಕ್ಕೆ ಜೋತುಬಿದ್ದು ಹೊಸದಕ್ಕೆ ಅಂಜುವವರೂ ಉಂಟು. ರಾಯರು ಈ ಎರಡು ಬಗೆಯವರಿಗೂ ಸೇರದೆ, ರಂಗಭೂಮಿಯಲ್ಲಿ ಗಳಿಸಿದ ಶುದ್ಧವಾದ ನುಡಿಯನ್ನೇ ಬುತ್ತಿಯಾಗಿ ಕಟ್ಟಿಕೊಂಡು ಹೊಸ ದಾರಿಯನ್ನು ಹಿಡಿದರು. ಊರು ಯಾವುದಾದರೂ ಕನ್ನಡವನ್ನು ಸ್ಪಷ್ಟವಾಗಿಯೂ ಸುಂದರವಾಗಿಯೂ ನುಡಿಯಲು ಕಲಿತರೆ, ಅದೇ ನಾವು ಆ ಹಿರಿಯರಿಗೆ ಸಲ್ಲಿಸಬಹುದಾದ ಗೌರವ.