ಪ್ರಶ್ನೆಯನ್ನು ರಂಗಕ್ಕೇರಿಸಿದ ಶ್ರೀರಂಗ

ಹಾಡು, ಪರದೆಗಳ ವೈಭವದಲ್ಲಿ ಮೈಮರೆತಿದ್ದ ಕನ್ನಡ ರಂಗಭೂಮಿಗೆ ವಿಚಾರದ ಮೊನಚು ನೀಡಿದವರಲ್ಲಿ ಶ್ರೀರಂಗರು ಅಗ್ರಗಣ್ಯರು. 1904ರ ಸೆಪ್ಟೆಂಬರ್ 26ರಂದು ವಿಜಾಪುರ ಜಿಲ್ಲೆಯ ಅಗರಖೇಡದಲ್ಲಿ ಜನಿಸಿದ ಆದ್ಯ ರಂಗಾಚಾರ್ಯರು ಪುಣೆ, ಲಂಡನ್‌ಗಳಲ್ಲಿ ವ್ಯಾಸಂಗ ಮಾಡಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸಿದರು.

ಸಂಸ್ಕೃತದಲ್ಲಿ ಪಾರಂಗತರಾಗಿದ್ದರೂ ಸಂಪ್ರದಾಯದ ಹೆಸರಿನಲ್ಲಿ ನಡೆಯುವ ಅನ್ಯಾಯವನ್ನು ಅವರು ಸಹಿಸಲಿಲ್ಲ. ‘ಹರಿಜನ್ವಾರ’ದಲ್ಲಿ ಅಸ್ಪೃಶ್ಯತೆಯ ಪ್ರಶ್ನೆಯನ್ನು ನೇರವಾಗಿ ರಂಗದ ಮೇಲೆ ತಂದರು. ಸ್ವಾತಂತ್ರ್ಯಾನಂತರ ಅವರ ವ್ಯಂಗ್ಯ ಆಳುವವರತ್ತ ಹೊರಳಿತು. ಅಶೋಕಚಕ್ರವನ್ನು ನೆನಪಿಸುವ ಹೆಸರಿನ ‘ಶೋಕಚಕ್ರ’ವು ಅಧಿಕಾರದಾಸೆ ಆದರ್ಶವನ್ನು ನುಂಗುವ ಬಗೆಯನ್ನು ತೋರಿಸಿತು. ‘ಕೇಳು ಜನಮೇಜಯ’ ಹಿಂದಿಯಲ್ಲೂ ಪ್ರದರ್ಶನ ಕಂಡಿತು. ‘ಕತ್ತಲೆ ಬೆಳಕು’ ರಂಗಭೂಮಿಯನ್ನೇ ವಸ್ತುವಾಗಿಸಿಕೊಂಡಿತು.

‘ವಿಶ್ವಾಮಿತ್ರನ ಸೃಷ್ಟಿ’, ‘ಪುರುಷಾರ್ಥ’ ಅವರ ಗಮನಾರ್ಹ ಕಾದಂಬರಿಗಳು. ಭರತನ ನಾಟ್ಯಶಾಸ್ತ್ರವನ್ನು ಕನ್ನಡ ಹಾಗೂ ಇಂಗ್ಲಿಷಿಗೆ ತಂದದ್ದು ಅವರ ವಿದ್ವತ್ತಿನ ದೊಡ್ಡ ಕೊಡುಗೆ. ಹಳೆಯ ಶಾಸ್ತ್ರವನ್ನು ಇಷ್ಟು ಬಲ್ಲವರೇ ಹೊಸ ನಾಟಕಕ್ಕೆ ದಾರಿ ತೆರೆದರೆಂಬುದು ವಿಶೇಷ.

ಹತ್ತಾರು ನಾಟಕಗಳನ್ನು ಬರೆದ ಅವರಿಗೆ 1971ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತದ್ದು ನಾಟಕಕ್ಕಲ್ಲ, ‘ಕಾಳಿದಾಸ’ ಎಂಬ ವಿಮರ್ಶಾ ಕೃತಿಗೆ. ಮರುವರ್ಷ ಪದ್ಮಭೂಷಣ ಸಂದಿತು. ಕಾದಂಬರಿಗಾರ್ತಿ ಶಶಿ ದೇಶಪಾಂಡೆ ಇವರ ಪುತ್ರಿ.

1984ರ ಅಕ್ಟೋಬರ್‌ನಲ್ಲಿ ಶ್ರೀರಂಗರು ನಿಧನರಾದರು. ಪ್ರೇಕ್ಷಕನನ್ನು ರಂಜಿಸಿ ಕಳುಹಿಸುವುದಷ್ಟೇ ನಾಟಕದ ಕೆಲಸವಲ್ಲವೆಂಬ ಅವರ ನಿಲುವು ಕನ್ನಡದ ಹವ್ಯಾಸಿ ರಂಗಭೂಮಿಗೆ ಬುನಾದಿಯಾಯಿತು. ಜಾತಿ ಹಾಗೂ ಅಧಿಕಾರದ ಬಗೆಗೆ ಅವರೆತ್ತಿದ ಪ್ರಶ್ನೆಗಳು ಮಾತ್ರ ಇನ್ನೂ ಉತ್ತರಕ್ಕಾಗಿ ಕಾದಿವೆ.