ಚಾರ್ಲ್ಸ್ ಸ್ಪಿಯರ್‌ಮನ್ ಮತ್ತು ಶ್ರೇಣಿ ಸಹಸಂಬಂಧ

1863ರಲ್ಲಿ ಲಂಡನ್ನಿನಲ್ಲಿ ಜನಿಸಿದ ಚಾರ್ಲ್ಸ್ ಸ್ಪಿಯರ್‌ಮನ್ನರು ಯೌವನವನ್ನೆಲ್ಲ ಬ್ರಿಟಿಷ್ ಸೈನ್ಯದಲ್ಲಿ ಕಳೆದರು. 1897ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಅದನ್ನು ತ್ಯಜಿಸಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಯಾದರು. ನಡುವೆ ಬೋಯರ್ ಯುದ್ಧಕ್ಕಾಗಿ ಸೈನ್ಯ ಮತ್ತೆ ಕರೆಯಿತು. ಡಾಕ್ಟರೇಟ್ ದೊರೆತದ್ದು 1906ರಲ್ಲಿ.

ಎರಡು ಸಂಗತಿಗಳ ನಂಟನ್ನು ಅಳೆಯಲು ಆಗ ಬಳಕೆಯಲ್ಲಿದ್ದುದು ಕಾರ್ಲ್ ಪಿಯರ್ಸನ್ನರ ಸಹಸಂಬಂಧ ಗುಣಾಂಕ. ಅದಕ್ಕೆ ನಿಖರ ಅಳತೆಗಳು ಬೇಕು. ಅದು ಗುರುತಿಸುವುದೂ ಸರಳರೇಖೆಯ ನಂಟನ್ನು ಮಾತ್ರ. ಆದರೆ ಕವನ ಸ್ಪರ್ಧೆಯಲ್ಲಿ ಇಬ್ಬರು ತೀರ್ಪುಗಾರರು ಕೊಟ್ಟ ಸ್ಥಾನಗಳು ಎಷ್ಟು ಹೊಂದುತ್ತವೆಂದು ತಿಳಿಯಬೇಕಾದರೆ? ಅಲ್ಲಿ ಅಳತೆಯೇ ಇಲ್ಲ, ಇರುವುದು ಬರಿಯ ಕ್ರಮ. 1904ರ ತಮ್ಮ ಲೇಖನದಲ್ಲಿ ಸ್ಪಿಯರ್‌ಮನ್ನರು ಶ್ರೇಣಿಗಳನ್ನೇ ಹೋಲಿಸುವ ಮಾರ್ಗವನ್ನು ಪ್ರತಿಪಾದಿಸಿದರು. ಒಂದು ಏರಿದಂತೆ ಇನ್ನೊಂದು ಏರುತ್ತಲೋ ಇಳಿಯುತ್ತಲೋ ಹೋದರೆ ಸಾಕು, ರೇಖೆ ಬಾಗಿದರೂ ಚಿಂತೆಯಿಲ್ಲ. ಒಂದೆರಡು ವಿಪರೀತ ಸಂಖ್ಯೆಗಳು ಫಲಿತಾಂಶವನ್ನು ಅಷ್ಟಾಗಿ ಕದಡಲಾರವು. ಆದರೆ ಅಳತೆಗಳು ವಿಶ್ವಾಸಾರ್ಹವಾಗಿದ್ದು ನಂಟು ನೇರವಾಗಿದ್ದಲ್ಲಿ ಪಿಯರ್ಸನ್ನರ ವಿಧಾನವೇ ಮೇಲು. ಶ್ರೇಣಿಗೆ ಇಳಿಸಿದೊಡನೆ ಮೊದಲನೆಯವನಿಗೂ ಎರಡನೆಯವನಿಗೂ ನಡುವಣ ಅಂತರವೆಷ್ಟೆಂಬುದು ಅಳಿಸಿಹೋಗುತ್ತದೆ.

1907ರಲ್ಲಿ ಸ್ಪಿಯರ್‌ಮನ್ನರು ಸೇರಿದ್ದು ಪಿಯರ್ಸನ್ನರಿದ್ದ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನೇ. ಅದೇ ವರ್ಷ ಪಿಯರ್ಸನ್ನರು ಶ್ರೇಣಿ ವಿಧಾನವನ್ನು ಟೀಕಿಸಿ ಬರೆದರು. 1931ರಲ್ಲಿ ಸ್ಪಿಯರ್‌ಮನ್ನರು ನಿವೃತ್ತರಾಗುವವರೆಗೂ ಇಬ್ಬರೂ ಅದೇ ಕಾಲೇಜಿನಲ್ಲಿದ್ದರು.