ಅಮಲ್ದಾರಿಕೆ ಬಿಟ್ಟು ಅಲಂಕಾರ ಕಲಿಸಿದವರು

ಸ್ಪರ್ಧಾತ್ಮಕ ಪರೀಕ್ಷೆಗೆ ಐಚ್ಛಿಕ ಕನ್ನಡ ಓದುವ ನನ್ನಂಥವರ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇದ್ದೇ ಇರುತ್ತದೆ. ಅದು 1953ರಲ್ಲಿ ಬಂದ 'ಭಾರತೀಯ ಕಾವ್ಯಮೀಮಾಂಸೆ'. ಬರೆದವರು ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ, ನಮಗೆಲ್ಲ ತೀ.ನಂ.ಶ್ರೀ. ಅವರ ಬದುಕನ್ನು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ. ನಾವು ಹಗಲಿರುಳು ಓದಿ ಪಡೆಯಬೇಕೆಂದಿರುವ ಹುದ್ದೆಯಂಥದ್ದೇ ಅವರಿಗೆ ಸಿಕ್ಕಿತ್ತು. ಅವರು ಅದನ್ನು ಬಿಟ್ಟು ಬಂದರು.

ಹುಟ್ಟಿದ್ದು 1906ರಲ್ಲಿ, ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಬಿ.ಎಂ.ಶ್ರೀ ಅವರ ಶಿಷ್ಯ. ಇಂಗ್ಲಿಷ್, ಕನ್ನಡ ಎರಡರಲ್ಲೂ ಎಂ.ಎ. ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್ ಪರೀಕ್ಷೆ ಗೆದ್ದು ಅಮಲ್ದಾರರಾದರು. ಅಂದಿನ ಅಮಲ್ದಾರ ಎಂದರೆ ಇಂದಿನ ತಹಶೀಲ್ದಾರ, ತಾಲ್ಲೂಕಿಗೇ ದೊಡ್ಡವರು. ಆದರೆ ಮನಸ್ಸು ಪಾಠದ ಕಡೆಗಿತ್ತು. ಸ್ವಲ್ಪ ಕಾಲದಲ್ಲೇ ಆ ಅಧಿಕಾರ ಬಿಟ್ಟು ಅಧ್ಯಾಪಕರಾದರು. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಕಲಿಸಿದರು.

ಕವಿಯಾಗಿ 'ಒಲುಮೆ' ಕೊಟ್ಟರು. ವಿದ್ಯಾರ್ಥಿಗಳಿಗೆ 'ಕನ್ನಡ ಮಧ್ಯಮ ವ್ಯಾಕರಣ' ಬರೆದರು. ಸಂಸ್ಕೃತ ಬಾರದವರಿಗೂ ಭರತನ ರಸ, ಆನಂದವರ್ಧನನ ಧ್ವನಿ ತಿಳಿಯುವಂತೆ ಕಾವ್ಯಮೀಮಾಂಸೆ ಬರೆದರು.

ಈ ಪಾರಿಭಾಷಿಕ ಪದಗಳಿಂದ ಏನು ಪ್ರಯೋಜನ ಎಂದು ಗೆಳೆಯರು ಕೇಳುವುದುಂಟು. ನನ್ನದೇ ಉದಾಹರಣೆ ಕೊಡುತ್ತೇನೆ. 'ಅವ್ವನ ಅಂಗೈ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿದೆ.' ಅಂಗೈ ಉಪಮೇಯ, ಕೆರೆಯಂಗಳ ಉಪಮಾನ, 'ಅಂತೆ' ಉಪಮಾವಾಚಕ, ಬಿರುಕು ಸಮಾನಧರ್ಮ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. 'ಅವ್ವನ ಅಂಗೈ ಬೇಸಿಗೆಯ ಕೆರೆಯಂಗಳ' ಎಂದರೆ ಹೋಲಿಕೆ ಹೋಗಿ ಎರಡೂ ಒಂದೇ ಆಯಿತು, ಅದು ರೂಪಕ. ಇನ್ನು 'ಮೋಡ ಕಟ್ಟಿದೆ' ಎಂಬ ಮಾತು ನೋಡಿ. ಬಿತ್ತನೆಗೆ ಕಾದವರಿಗೆ ಅದು ಭರವಸೆ. ಕಣದಲ್ಲಿ ರಾಗಿ ಹರಡಿದವರಿಗೆ ಬೇಗ ಬಾಚಿಕೊಳ್ಳಿ ಎಂಬ ಎಚ್ಚರಿಕೆ. ಪದಗಳು ಹೇಳದೆ ಹೊಳೆಯಿಸುವ ಈ ಅರ್ಥವೇ ಧ್ವನಿ. ಹೆಸರು ತಿಳಿದ ಮೇಲೆ ಅದು ಪದ್ಯದಲ್ಲಷ್ಟೇ ಅಲ್ಲ, ಮನೆಮಾತಿನಲ್ಲೂ ಕಾಣಿಸತೊಡಗುತ್ತದೆ.

1966ರಲ್ಲಿ, ಅರವತ್ತು ತುಂಬುವ ಮೊದಲೇ ತೀ.ನಂ.ಶ್ರೀ ತೀರಿಕೊಂಡರು. ಕೆಲಸ ಹುಡುಕುತ್ತಿರುವ ನಾನು ಸಿಕ್ಕ ಹುದ್ದೆ ಬಿಡಿ ಎಂದು ಯಾರಿಗೂ ಹೇಳಲಾರೆ. ನಮ್ಮ ಮನೆಗಳಿಗೆ ಸಂಬಳ ಬೇಕು. ಆದರೂ ಒಂದು ಮಾತು ನಿಜ. ಅಮಲ್ದಾರರಾಗಿಯೇ ಉಳಿದಿದ್ದರೆ ಅವರ ರುಜು ಹಳೆಯ ಕಡತಗಳಲ್ಲಿ ಇರುತ್ತಿತ್ತು. ಈಗ ಅವರು ಬಿಡಿಸಿ ಹೇಳಿದ ಪಾಠ ತಹಶೀಲ್ದಾರರಾಗಲು ಹೊರಟವರ ಕೈಯಲ್ಲೂ ಇದೆ.